ಘಟ್ಟದ ಇಳಿಜಾರು ಮತ್ತು ಓಟದ ಪಥದಲ್ಲಿ ಸ್ವಂತ ಕಾರಿನ ಬ್ರೇಕ್ ನಿರ್ವಹಣೆ: ಸಾರ್ವಜನಿಕರ ಮಾಹಿತಿಗಾಗಿ

ಮಲ್ಲಂದೂರು ಸುತ್ತಲಿನ ತೋಟದ ರಸ್ತೆಗಳು, ಮುಳ್ಳಯ್ಯನಗಿರಿ ಹಾಗೂ ಬಾಬಾಬುಡನ್‌ಗಿರಿ ಮಾರ್ಗ ಮತ್ತು ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿ ಘಾಟಿಯಲ್ಲಿ ವಾಹನ ಚಲಾಯಿಸುವವರಿಗೂ, ತಮ್ಮ ದಿನಬಳಕೆಯ ಕಾರನ್ನು ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಮುಂತಾದ ಪಥಗಳಿಗೆ ಒಯ್ಯುವವರಿಗೂ ಬ್ರೇಕ್ ಕುರಿತು ಎದುರಾಗುವ ಸಮಸ್ಯೆ ಒಂದೇ ಆಗಿರುತ್ತದೆ. ಅದು ಶಾಖದ ಸಮಸ್ಯೆ.

ಬ್ರೇಕ್ ಎಂಬುದು ವೇಗವನ್ನು ಶಾಖವಾಗಿ ಪರಿವರ್ತಿಸುವ ಸಾಧನವಾಗಿದೆ. ಪ್ರಯಾಣಿಕರೂ ಸೇರಿ 1,500 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಂತಾಗ ಸುಮಾರು 5.8 ಲಕ್ಷ ಜೂಲ್ ಶಕ್ತಿ ಶಾಖವಾಗುತ್ತದೆ. ಅದೇ ಕಾರು ನಿಧಾನಗತಿಯಲ್ಲಿಯೇ 100 ಮೀಟರ್ ಎತ್ತರ ಇಳಿದರೆ ಉಂಟಾಗುವ ಶಕ್ತಿ ಸುಮಾರು 14.7 ಲಕ್ಷ ಜೂಲ್. ಅಂದರೆ ಪ್ರತಿ 100 ಮೀಟರ್ ಇಳಿತವು ಅಂತಹ ಎರಡೂವರೆ ನಿಲುಗಡೆಗಳಿಗೆ ಸಮ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಚಿಕ್ಕಮಗಳೂರು ನಗರವು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ನಿಧಾನವಾಗಿ ಇಳಿದರೆ ಬ್ರೇಕ್ ಕಾಯುವುದಿಲ್ಲ ಎಂಬ ನಂಬಿಕೆ ಏಕೆ ತಪ್ಪು ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಶಾಖದಿಂದ ಬ್ರೇಕ್ ಕೈಕೊಡುವುದು ಎರಡು ಬಗೆಯಲ್ಲಿ. ಇವುಗಳ ವ್ಯತ್ಯಾಸವನ್ನು ಚಾಲಕರು ಪಾದದಲ್ಲಿಯೇ ಗುರುತಿಸಲು ಕಲಿಯುವುದು ಅತ್ಯವಶ್ಯಕ. ಮೊದಲನೆಯದರಲ್ಲಿ ಪ್ಯಾಡ್ ಮಿತಿಮೀರಿ ಕಾದು ಘರ್ಷಣೆ ಕುಗ್ಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ವಾಹನ ನಿಲ್ಲುವುದಿಲ್ಲ. ಸುಟ್ಟ ವಾಸನೆ ಇದರ ಮುನ್ಸೂಚನೆ. ಎರಡನೆಯದು ಹೆಚ್ಚು ಅಪಾಯಕಾರಿ. ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆಗಳಾದಾಗ ಪೆಡಲ್ ಮೆತ್ತಗಾಗಿ ತಳಕ್ಕೆ ಇಳಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವಾಂಶವನ್ನು ಹೀರುವ ಗುಣ ಹೊಂದಿದೆ. ಡಾಟ್ 4 ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾಗಿದ್ದು, ಶೇ. 3.7ರಷ್ಟು ನೀರು ಸೇರಿದಾಗ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ರಲ್ಲಿ ಇವು ಕ್ರಮವಾಗಿ 205 ಮತ್ತು 140 ಡಿಗ್ರಿ. ತಿಂಗಳುಗಟ್ಟಲೆ ಮಳೆ ಸುರಿಯುವ ಮಲೆನಾಡಿನ ವಾಹನ ಮಾಲೀಕರು ಆಯಿಲ್‌ನ ಮಟ್ಟ ಸರಿಯಿದೆಯೆಂದು ಸುಮ್ಮನಿರದೆ, ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಅವಧಿಗೆ ಅದನ್ನು ಪೂರ್ಣವಾಗಿ ಬದಲಾಯಿಸತಕ್ಕದ್ದು.

ಇಳಿಜಾರು ಆರಂಭವಾಗುವ ಮುನ್ನವೇ, ಅದೇ ಏರನ್ನು ಹತ್ತಲು ಬೇಕಾಗುವ ಗೇರ್‌ಗೆ, ಸಾಮಾನ್ಯವಾಗಿ ಎರಡನೆಯದಕ್ಕೆ, ಬದಲಾಯಿಸಬೇಕು. ವೇಗ ಹೆಚ್ಚಿದಾಗ ಬ್ರೇಕನ್ನು ದೃಢವಾಗಿ ಒತ್ತಿ, ವೇಗ ಇಳಿದೊಡನೆ ಪೂರ್ಣ ಬಿಡಬೇಕು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ತಣಿಯಲು ಅವಕಾಶವಿರುವುದಿಲ್ಲ. ಇಂಧನ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಪದ್ಧತಿ ಅಪಾಯಕಾರಿ, ಲಾಭದಾಯಕವೂ ಅಲ್ಲ. ಈಗಿನ ಇಂಜೆಕ್ಷನ್ ಎಂಜಿನ್‌ಗಳು ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನ ಪೂರೈಕೆಯನ್ನೇ ಕಡಿತಗೊಳಿಸುತ್ತವೆ, ನ್ಯೂಟ್ರಲ್‌ನಲ್ಲಿ ಮಾತ್ರ ಅದನ್ನು ಬಳಸುತ್ತಲೇ ಇರುತ್ತವೆ. ಎಂಜಿನ್ ಆರಿಸಿ ಇಳಿಯುವುದು ಇನ್ನೂ ಕೇಡು: ಎರಡು ಮೂರು ಬಾರಿ ಒತ್ತಿದ ನಂತರ ಬೂಸ್ಟರ್‌ನ ನೆರವು ಮುಗಿದುಹೋಗುತ್ತದೆ.

ಪೆಡಲ್ ಮೆತ್ತಗಾದಲ್ಲಿ ಅದನ್ನು ವೇಗವಾಗಿ ಮತ್ತೆ ಮತ್ತೆ ಒತ್ತುತ್ತಾ, ಕೆಳ ಗೇರ್‌ಗೆ ಇಳಿಸಿ, ಹ್ಯಾಂಡ್ ಬ್ರೇಕನ್ನು ಹಂತಹಂತವಾಗಿ ಎಳೆಯಬೇಕು. ಕಾದ ಡಿಸ್ಕ್ ಮೇಲೆ ನೀರು ಸುರಿದರೆ ಅದು ಬಿರುಕು ಬಿಡಬಹುದು.

ಓಟದ ಪಥದಲ್ಲಿ ಕೆಲವು ವೇಗದ ಸುತ್ತುಗಳ ನಂತರ ಬ್ರೇಕ್ ಹೆಚ್ಚು ಬಳಸದೆ ಒಂದು ನಿಧಾನದ ಸುತ್ತು ಹಾಕಿ ತಣಿಸಬೇಕು. ನಿಂತ ಮೇಲೆ ಪೆಡಲ್ ಒತ್ತಿಹಿಡಿಯಬಾರದು. ಪಥಕ್ಕೆಂದೇ ತಯಾರಾದ ಪ್ಯಾಡ್‌ಗಳಲ್ಲಿ ಹಲವು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ. ಅವುಗಳನ್ನೇ ಹಾಕಿಕೊಂಡು ಮಂಜಿನ ಮುಂಜಾನೆ ಗಿರಿಯ ಕಡೆಗೆ ಹೊರಡುವುದು ವಿವೇಕವಲ್ಲ. ಖಾಸಗಿ ಕಾರಿನ ಸಾಮಾನ್ಯ ವಿಮಾ ಪಾಲಿಸಿಯು ಸ್ಪರ್ಧೆ ಮತ್ತು ವೇಗಪರೀಕ್ಷೆಯ ಬಳಕೆಯನ್ನು ಹೊರತುಪಡಿಸುವುದರಿಂದ, ಪಥಕ್ಕೆ ಹೋಗುವ ಮೊದಲು ಪಾಲಿಸಿಯ ಷರತ್ತುಗಳನ್ನು ಓದಿಕೊಳ್ಳತಕ್ಕದ್ದು.

ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ರಾಲಿಗಳು ನಡೆದಿವೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರಾಲಿ ಚಾಂಪಿಯನ್‌ಷಿಪ್‌ನ ಸುತ್ತೂ ಇಲ್ಲಿ ಜರುಗಿತು. ಆದರೆ ಅಂತಹ ಸ್ಪರ್ಧೆಗಳ ವೇಗದ ಹಂತಗಳು ಸಂಚಾರ ಮುಚ್ಚಿದ ರಸ್ತೆಯಲ್ಲಿ ಮಾತ್ರ ನಡೆಯುತ್ತವೆ. ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸ್ಪರ್ಧಿಸುವುದು ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 189ರಡಿ ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ಬಾರಿಗೆ ಮೂರು ತಿಂಗಳವರೆಗೆ ಕಾರಾಗೃಹ ವಾಸ ಅಥವಾ ರೂ. 5,000ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಪ್ರವಾಸಿಗರನ್ನು ಕರೆದೊಯ್ಯುವ ಹಳದಿ ಫಲಕದ ವಾಹನಗಳಿಗೆ ಅರ್ಹತಾ ಪತ್ರ ಕಡ್ಡಾಯ. 15 ವರ್ಷ ಪೂರೈಸುವ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ಸವೆದ ಪ್ಯಾಡ್, ಲೈನರ್, ಸೋರುವ ಕೊಳವೆ ಹಾಗೂ ಹಿಡಿಯದ ಹ್ಯಾಂಡ್ ಬ್ರೇಕ್‌ಗಳನ್ನು ತಪಾಸಣೆಗೆ ಮುನ್ನವೇ ಸರಿಪಡಿಸಿಕೊಂಡಲ್ಲಿ ಅರ್ಜಿದಾರರು ಎರಡನೇ ಬಾರಿ ಕಚೇರಿಗೆ ಬರುವುದು ತಪ್ಪುತ್ತದೆ.