ಮೂಗುಬೊಟ್ಟಿನ ತಿರುಪು

ಲಾಸ್ ಏಂಜಲೀಸಿನ ಮಗಳ ಮನೆಗೆ ಹೋದವನು ಅಲ್ಲಿಯ ಸ್ಟುಡಿಯೋಗಳನ್ನೂ ಸಾಗರತೀರವನ್ನೂ ಬಿಟ್ಟು, ವೆನಿಸ್ ಬಡಾವಣೆಯ ಪೆನ್ಮಾರ್ ಗಾಲ್ಫ್ ಮೈದಾನದ ಬೇಲಿಗೆ ಮುಖವೊಡ್ಡಿ ಒಂದು ಪೂರ್ವಾಹ್ಣವನ್ನೆಲ್ಲ ಕಳೆದೆನೆಂದರೆ ಮನೆಯವರು ನಗದೆ ಇರಲಾರರು. ನನಗೆ ಬೇಕಾಗಿದ್ದುದು, 2015ರ ಮಾರ್ಚ್ 5ರಂದು ಚಲಚ್ಚಿತ್ರನಟ ಹ್ಯಾರಿಸನ್ ಫೋರ್ಡರು ತಮ್ಮ ರಯಾನ್ ವಿಮಾನವನ್ನು ಇಳಿಸಿದ, ನಿಜವನ್ನೇ ಹೇಳುವುದಾದರೆ ಅಪ್ಪಳಿಸಿದ, ಆ ಹುಲ್ಲುನೆಲದ ದರ್ಶನ. ಪಕ್ಕದ ಸಾಂಟಾ ಮೋನಿಕಾ ನಿಲ್ದಾಣದಿಂದೆದ್ದ ಪುಟ್ಟ ವಿಮಾನಗಳು ನೆತ್ತಿಯ ಮೇಲೆ ಗುಡುಗುತ್ತ ಕಡಲಿನತ್ತ ಸಾಗುತ್ತಿದ್ದರೂ ಚೆಂಡಿಗೆ ಗುರಿಯಿಟ್ಟಿದ್ದ ವೃದ್ಧರೊಬ್ಬರು ತಲೆಯೆತ್ತಲಿಲ್ಲ. ನಾನು ಮಾತ್ರ ಪ್ರತಿ ಸಲವೂ ಆ ಸದ್ದು ಕಡಿಯದಿರಲೆಂದು ಉಸಿರು ಬಿಗಿಹಿಡಿದೆ.

ವಿಮಾನವೂ 1942ರದು, ವೈಮಾನಿಕರೂ 1942ರವರು. ನೆಲ ಬಿಟ್ಟ ಅಲ್ಪಕಾಲದಲ್ಲೇ ಎಂಜಿನ್ ಶಕ್ತಿಗುಂದಿತು. ನಿಲ್ದಾಣಕ್ಕೆ ಮರಳುವಷ್ಟು ಎತ್ತರ ಉಳಿಯದೆ, ಮರವೊಂದರ ತುದಿಗೆ ತಗುಲಿ, ರನ್‌ವೇಯಿಂದ ಸುಮಾರು 800 ಅಡಿ ಈಚೆಗೆ ವಿಮಾನ ಬಿತ್ತು. ತೀವ್ರವಾಗಿ ಗಾಯಗೊಂಡರೂ ಫೋರ್ಡರು ಬದುಕಿದರು. ತಿರುಗುವಾಗ ಎತ್ತರವೂ ವೇಗವೂ ವ್ಯಯವಾಗುವುದರಿಂದ, ಕೆಳಗಿರುವಾಗ ಎಂಜಿನ್ ಕೈಕೊಟ್ಟರೆ ಮೂತಿಯನ್ನು ತಗ್ಗಿಸಿ ಎದುರಿಗೆ ಸಿಕ್ಕ ಬಯಲಿಗೇ ಇಳಿಯಬೇಕೆಂಬುದು ಗುರುಗಳ ಮೊದಲ ಪಾಠ. ಆದರೆ ಬೆನ್ನ ಹಿಂದಿನ ರನ್‌ವೇಯ ಮೋಹ ಯಾರನ್ನು ಬಿಟ್ಟೀತು!

ಪತ್ರಿಕೆಗಳು ನಟನ ಧೈರ್ಯವನ್ನು ಕೊಂಡಾಡಿದವು. ನನ್ನ ಚಿತ್ತವೋ ಎಂಜಿನ್ನಿಗೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಕೊಡುವ ಕಾರ್ಬ್ಯುರೇಟರಿನಲ್ಲಿ ಸಿಕ್ಕಿಕೊಂಡಿತು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಗಾರರು ಅದನ್ನು ಬಿಚ್ಚಿದಾಗ, ಪೆಟ್ರೋಲನ್ನು ಅಳೆದು ಬಿಡುವ ಮುಖ್ಯ ಜೆಟ್ ತಿರುಪಿನಿಂದ ಕಳಚಿ, ಪಕ್ಕಕ್ಕೆ ಸುಮಾರು 90 ಡಿಗ್ರಿ ಹೊರಳಿ ಮಲಗಿತ್ತು. ಅಳತೆ ತಪ್ಪಿ ನುಗ್ಗಿದ ಪೆಟ್ರೋಲಿಗೆ ತಕ್ಕ ಗಾಳಿಯಿಲ್ಲದೆ ಎಂಜಿನ್ ಬಸವಳಿದುದು ಹಸಿವಿನಿಂದಲ್ಲ, ಅಜೀರ್ಣದಿಂದ! ಆ ಕಾರ್ಬ್ಯುರೇಟರನ್ನು ಪುನಃ ಜೋಡಿಸಿ ಸುಮಾರು 17 ವರ್ಷಗಳಾಗಿದ್ದುವಂತೆ.

ಮೈಸೂರಿನಲ್ಲೇ ತಯಾರಾದ ನನ್ನ ಹಳೆಯ ಜಾವಾ ಬೈಕಿನ ಅಂಥದೇ ಜೆಟ್ಟನ್ನು ಮೆಕ್ಯಾನಿಕ್ ಒಮ್ಮೆ ನನ್ನ ಅಂಗೈಯಲ್ಲಿಟ್ಟಿದ್ದ: ಹಿತ್ತಾಳೆಯದು, ನಡುವೆ ಸೂಜಿಮೊನೆ ಹಿಡಿಸುವಷ್ಟು ರಂಧ್ರ, ಮೈಸುತ್ತ ನವಿರಾದ ಮರೆಗಳು, ಥೇಟು ನಮ್ಮಜ್ಜಿಯ ಮೂಗುಬೊಟ್ಟಿನ ತಿರುಪು. ಅಜ್ಜಿ ರಾತ್ರಿ ಮಲಗುವ ಮುನ್ನ ಬೆರಳಿನಿಂದ ಅದನ್ನು ಮುಟ್ಟಿ, ಸಡಿಲಾಗಿದ್ದರೆ ಬಿಗಿಮಾಡದೆ ದೀಪ ಆರಿಸುತ್ತಿರಲಿಲ್ಲ.

ಊರಿಗೆ ಮರಳಿದ ಮರುದಿನವೇ ಜಾವಾದ ಕಾರ್ಬ್ಯುರೇಟರನ್ನು ಬಿಚ್ಚಿಸಿದೆ. ಜೆಟ್ ಬಿಗಿಯಾಗಿಯೇ ಇತ್ತು. "ಗಾಡಿ ಚೆನ್ನಾಗಿ ಓಡ್ತಿತ್ತಲ್ಲ ಸ್ವಾಮಿ, ಯಾಕೆ ಬಿಚ್ಚಿಸಿದ್ರಿ?" ಎಂದ ಮೆಕ್ಯಾನಿಕ್‌ಗೆ ಕ್ಯಾಲಿಫೋರ್ನಿಯಾದ ಕಥೆಯನ್ನು ವಿವರಿಸತೊಡಗಿದೆ, ಅವನು ಪೂರ್ತಿ ಕೇಳಿ, ಕೈಯೊರಸಿಕೊಂಡು, ಮಜೂರಿ ಕೇಳಿದ.