ನಿಮಗಿದು ಗೊತ್ತೆ? ಗೀರು ಬಿದ್ದದ್ದು ಮರಕ್ಕಲ್ಲ!
ಪಾಲಿಶ್ ಮಾಡಿದ ಮರದ ನೆಲದ ಮೇಲೆ ಕುರ್ಚಿ ಎಳೆದಾಗ ಮೂಡುವ ಬಿಳಿ ಗೆರೆ ಸಾಮಾನ್ಯವಾಗಿ ಮರವನ್ನು ಮುಟ್ಟಿರುವುದೇ ಇಲ್ಲ. ತೇಗದಂಥ ಮರದ ಒಳಭಾಗ ಬಿಳಿಯಲ್ಲ. ಹಾಗಿದ್ದರೆ ಗೀರು ಬೆಳ್ಳಗೇಕೆ? ತರಚಿದ್ದು ಮೇಲಿನ ಪಾಲಿಶ್, ಅಂದರೆ ಪಾಲಿಯುರಿಥೇನ್ ಪದರ. ಅದರ ದಪ್ಪ ಸುಮಾರು 0.1 ಮಿಲಿಮೀಟರ್ ಅಷ್ಟೆ. ಒರಟಾದ ಅಂಚುಗಳ ನಡುವೆ ಗಾಳಿ ಸೇರಿ ಬೆಳಕು ಚದುರುತ್ತದೆ, ಪುಡಿಯಾದ ಗಾಜು ಬೆಳ್ಳಗೆ ಕಾಣುವಂತೆ. ಸಾಕ್ಷಿ ಬೇಕೆ? ಗೀರಿನ ಮೇಲೊಂದು ಹನಿ ನೀರು ಹಾಕಿ. ಗೆರೆ ಮಾಯವಾದರೆ ಮರ ಕ್ಷೇಮ. ಅಕ್ರೋಟದ ತಿರುಳು ಉಜ್ಜುವ ಹಳೆಯ ಉಪಾಯ ಫಲಿಸುವುದೂ ಇದರಿಂದಲೇ: ಎಣ್ಣೆ ಆ ಗಾಳಿಯನ್ನು ಹೊರದೂಡುತ್ತದೆ.

ಇದು ರಿಪೇರಿಯಲ್ಲ, ಬರೀ ಕಣ್ಕಟ್ಟು ಎನ್ನುವವರುಂಟು. ಅರ್ಧ ನಿಜ. ಆದರೆ ಅಕ್ರೋಟದೆಣ್ಣೆ ಗಾಳಿಗೆ ನಿಧಾನವಾಗಿ ಗಟ್ಟಿಯಾಗುವಂಥದು. ಚಿತ್ರಕಾರರು ತೈಲವರ್ಣಕ್ಕೆ ಅದನ್ನು ಬಳಸಿದ್ದು ಅದಕ್ಕೇ. (ತೆಂಗಿನೆಣ್ಣೆ ಬೇಡ, ಒಣಗದೆ ದೂಳು ಹಿಡಿಯುತ್ತದೆ.) ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದು, ನೀರಿಗೂ ಗೆರೆ ಹೋಗದಿದ್ದರೆ ಮರದ ನಾರೇ ಕತ್ತರಿಸಿಹೋಗಿರಬಹುದು, ಅಲ್ಲಿಗೆ ಬಣ್ಣದ ಮೇಣ ತುಂಬಬೇಕು. ಹಾಗೆಂದು ಇಡೀ ಕೋಣೆಗೆ ಸ್ಯಾಂಡಿಂಗ್ ಯಂತ್ರ ತರಿಸುವುದು ದುಡುಕು. ಯಂತ್ರ ಸವೆಸುವುದು ನಿಜವಾದ ಮರವನ್ನೇ. ಪ್ಲೈವುಡ್ ಮೇಲೆ ಮರದ ಹಾಳೆ ಅಂಟಿಸಿದ ನೆಲದಲ್ಲಿ ಆ ಹಾಳೆ 1 ಮಿಲಿಮೀಟರ್‌ಗಿಂತ ತೆಳ್ಳಗಿರುವುದೂ ಉಂಟು.