ಯಾವ ಸರಕು ಮಾರಿದರೆ ಉಳಿದೀತು?

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬೀದಿಗಳ ಹೆಸರೇ ವ್ಯಾಪಾರದ ಇತಿಹಾಸ ಹೇಳುತ್ತದೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ: ಬೀದಿಗೊಂದು ಸರಕು, ಸರಕಿಗೊಂದು ಬೀದಿ. ಬಳೇಪೇಟೆಯಲ್ಲಿ ಈಗ ಬಳೆಗಿಂತ ಸಂಗೀತ ವಾದ್ಯಗಳ ಅಂಗಡಿಗಳೇ ಎದ್ದು ಕಾಣುತ್ತವೆ, ಆ ಮಾತು ಬೇರೆ. ಒಂದೇ ಸರಕಿನ ಹತ್ತಾರು ಅಂಗಡಿಗಳು ಒತ್ತೊತ್ತಾಗಿ ಕೂತಿದ್ದರೂ ಒಂದರಿಂದ ಇನ್ನೊಂದು ಬಡವಾಗಲಿಲ್ಲ. ಅಷ್ಟು ಅಂಗಡಿಗಳು ಒಂದೆಡೆ ಇವೆ ಎಂಬ ಕಾರಣಕ್ಕೇ ದೂರದ ಊರಿನ ಗಿರಾಕಿ ಅಲ್ಲಿಗೆ ಬರುತ್ತಿದ್ದ. ಒಬ್ಬರಲ್ಲಿ ಸರಿಹೋಗದಿದ್ದರೆ ಪಕ್ಕದ ಮೆಟ್ಟಿಲು ಹತ್ತುತ್ತಿದ್ದ.

ಅದೇ ಸರಕು ಮೊಬೈಲ್ ಪರದೆಗೆ ಬಂದಾಗ ಈ ನಿಯಮ ತಲೆಕೆಳಗಾಗುತ್ತದೆ. ಐವತ್ತು ಮಾರಾಟಗಾರರು ಒಂದೇ ವಸ್ತುವಿನ ಒಂದೇ ಚಿತ್ರ ಹಾಕಿ ಕೂತರೆ ಗಿರಾಕಿ ಮೊದಲು ಒತ್ತುವುದು ‘ಕಡಿಮೆ ಬೆಲೆ ಮೊದಲು’ ಎಂಬ ಗುಂಡಿಯನ್ನು. ಬೀದಿಯಲ್ಲಿ ನೆರೆಯವನು ಗಿರಾಕಿಯನ್ನು ಕರೆತರುತ್ತಿದ್ದ, ಪರದೆಯಲ್ಲಿ ನೆರೆಯವನು ಬೆಲೆ ಇಳಿಸುತ್ತಾನೆ. ಹಾಗಾಗಿ ಕಳೆದ ಒಂದೂವರೆ ದಶಕದಲ್ಲಿ ಆನ್‌ಲೈನ್ ಅಂಗಡಿ ತೆರೆಯಹೊರಟ ಪ್ರತಿಯೊಬ್ಬರ ಮುಂದೆಯೂ ನಿಂತಿರುವುದು ಒಂದೇ ಪ್ರಶ್ನೆ: ಏನನ್ನು ಮಾರಬೇಕು? ವ್ಯಾಪಾರದ ಇಂಗ್ಲಿಷಿನಲ್ಲಿ ಹಾಗೆ ಆರಿಸಿಕೊಂಡ ಜಾಗಕ್ಕೆ ‘ನೀಶ್’ ಎನ್ನುತ್ತಾರೆ. ಮೂಲದಲ್ಲಿ ಅದು ಗೋಡೆಯೊಳಗಿನ ಗೂಡು. ನಮ್ಮ ಹಳೆಯ ಮನೆಗಳಲ್ಲಿ ದೀಪ ಇಡಲು ಬಿಟ್ಟ ಜಾಗ, ಉತ್ತರ ಕರ್ನಾಟಕದವರು ‘ಮಾಡ’ ಎನ್ನುವುದು. ಗೋಡೆ ಕಟ್ಟುವಾಗಲೇ ಬಿಟ್ಟುಕೊಳ್ಳಬೇಕಾದ ಜಾಗ ಅದು.

ಪುಸ್ತಕದಿಂದಲೇ ಏಕೆ ಶುರುವಾಯಿತು?

1994ರಲ್ಲಿ ಅಮೆರಿಕದಲ್ಲಿ ಹಣಕಾಸು ಸಂಸ್ಥೆಯೊಂದರ ಕೆಲಸ ಬಿಟ್ಟ ವ್ಯಕ್ತಿಯೊಬ್ಬರು ಅಂತರ್ಜಾಲದಲ್ಲಿ ಮಾರಬಹುದಾದ 20 ಸರಕುಗಳ ಪಟ್ಟಿ ಮಾಡಿಕೊಂಡು, ಅದರಿಂದ ಪುಸ್ತಕವನ್ನು ಆರಿಸಿಕೊಂಡರು. ಸಾಹಿತ್ಯಪ್ರೇಮ ಅದಕ್ಕೆ ಕಾರಣವಾಗಿರಲಿಲ್ಲ. ಪುಸ್ತಕ ಒಡೆಯುವುದಿಲ್ಲ, ಹಳಸುವುದಿಲ್ಲ, ಅದಕ್ಕೆ ಅಳತೆಯ ತಕರಾರಿಲ್ಲ. ಒಂದು ಪ್ರತಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲದ ಕಾರಣ ಮುಟ್ಟಿ ನೋಡದೆ ಕೊಳ್ಳಬಹುದು. ಮುಖ್ಯವಾಗಿ, ಮುದ್ರಣದಲ್ಲಿರುವ ಲಕ್ಷಾಂತರ ಶೀರ್ಷಿಕೆಗಳನ್ನೆಲ್ಲ ಯಾವ ಅಂಗಡಿಯ ಕಪಾಟೂ ಹಿಡಿಯಲಾರದು. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ತರುಣ ಎಂಜಿನಿಯರುಗಳು ಹುಟ್ಟುಹಾಕಿದ ಅಂಗಡಿಯೂ ಪುಸ್ತಕದಿಂದಲೇ ಆರಂಭವಾಯಿತು. ಅಮೆರಿಕದ ಆ ವ್ಯಕ್ತಿ ಕಟ್ಟಿದ ಅಂಗಡಿ 2013ರ ಜೂನ್‌ನಲ್ಲಿ ಭಾರತಕ್ಕೆ ಕಾಲಿಟ್ಟಾಗಲೂ ಮೊದಲು ಮಾರಿದ್ದು ಪುಸ್ತಕ ಮತ್ತು ಸಿನಿಮಾ. ಮೂರೂ ಕಡೆ ಆಯ್ಕೆಯನ್ನು ನಿರ್ಧರಿಸಿದ್ದು ಬೇಡಿಕೆಯಷ್ಟೇ ಅಲ್ಲ, ಸರಕಿನ ಗುಣ.

2004ರಲ್ಲಿ ಅಮೆರಿಕದ ಪತ್ರಿಕಾ ಸಂಪಾದಕರೊಬ್ಬರು ಕಪಾಟಿನ ಈ ಮಾತನ್ನೇ ಸಿದ್ಧಾಂತವಾಗಿಸಿದರು. ಕಪಾಟಿನ ಮಿತಿ ಇಲ್ಲದ ಅಂಗಡಿಯಲ್ಲಿ ಅಪರೂಪಕ್ಕೆ ಮಾರಾಟವಾಗುವ ಸಾವಿರಾರು ವಸ್ತುಗಳ ಒಟ್ಟು ವಹಿವಾಟು ಜನಪ್ರಿಯ ವಸ್ತುಗಳಿಗೆ ಸರಿಸಾಟಿಯಾಗಿ ಬೆಳೆಯುತ್ತದೆ ಎಂಬುದು ಆ ವಾದ. ನಾಲ್ಕೇ ವರ್ಷಗಳಲ್ಲಿ, 2008ರಲ್ಲಿ, ವಾಣಿಜ್ಯ ಪ್ರಾಧ್ಯಾಪಕಿಯೊಬ್ಬರು ಮಾರಾಟದ ಅಂಕಿಅಂಶಗಳನ್ನು ಮುಂದಿಟ್ಟು ಅದನ್ನು ಪ್ರಶ್ನಿಸಿದರು. ವಾದ ಇನ್ನೂ ತೀರಿಲ್ಲ. ಆದರೆ ಸಣ್ಣ ಮಾರಾಟಗಾರ ಗಮನಿಸಬೇಕಾದ ಸಂಗತಿ ಇವೆರಡರ ನಡುವೆ ಕಳೆದುಹೋಗಿದೆ. ಅಪರೂಪದ ಸಾವಿರಾರು ಸರಕುಗಳ ಒಟ್ಟು ಲಾಭ ಸೇರುವುದು ಅವೆಲ್ಲಕ್ಕೂ ಜಾಗ ಕೊಟ್ಟ ವೇದಿಕೆಗೆ. ಅವುಗಳಲ್ಲಿ ಒಂದನ್ನು ಮಾತ್ರ ಹಿಡಿದು ಕೂತವನಿಗೆ ದಿನಕ್ಕೆ ಎರಡು ಆರ್ಡರ್ ಬಂದರೆ ಅದೇ ಅವನ ಪೂರ್ತಿ ವ್ಯಾಪಾರ.

ಒಂದು ಪಾರ್ಸೆಲ್‌ನ ಲೆಕ್ಕ

‘ಹೆಚ್ಚು ಬೇಡಿಕೆ, ಕಡಿಮೆ ಪೈಪೋಟಿ ಇರುವ ಸರಕು ಹುಡುಕಿ’ ಎನ್ನುವುದು ಈ ಕ್ಷೇತ್ರದ ತರಬೇತುದಾರರ ನಿತ್ಯದ ಮಾತು. ತಪ್ಪಿಲ್ಲ, ಆದರೆ ಅರ್ಧ ಮಾತು. ಉಳಿದರ್ಧ ಪಾರ್ಸೆಲ್‌ನ ಲೆಕ್ಕದಲ್ಲಿದೆ. 600 ರೂಪಾಯಿಯ ಒಂದು ವಸ್ತುವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಶೇ 5ರ ಜಿಎಸ್‌ಟಿ ಒಳಗೊಂಡ ಬೆಲೆಯಾದರೆ ಸುಮಾರು 29 ರೂಪಾಯಿ ತೆರಿಗೆಗೆ ಹೋಗಿ 571 ಉಳಿಯುತ್ತದೆ. ಅಸಲು 300, ವೇದಿಕೆಯ ಕಮಿಷನ್ ಮತ್ತಿತರ ಶುಲ್ಕ 90, ಸಾಗಣೆ 80, ಡಬ್ಬಿ–ಟೇಪಿಗೆ 20 ಎಂದಿಟ್ಟುಕೊಂಡರೆ ಕೈಯಲ್ಲಿ 81. ಹುಡುಕಾಟದ ಮೊದಲ ಪುಟದಲ್ಲಿ ಕಾಣಿಸಿಕೊಳ್ಳಲು ಪ್ರತಿ ಆರ್ಡರ್‌ಗೆ 30 ರೂಪಾಯಿ ಜಾಹೀರಾತಿಗೆ ಸುರಿದರೆ 51. ಇಲ್ಲಿಯವರೆಗೆ ವ್ಯಾಪಾರ ನಡೆಯುತ್ತದೆ.

ಈಗ ಹತ್ತು ಪಾರ್ಸೆಲ್‌ನಲ್ಲಿ ಒಂದು ಮರಳಿ ಬಂತು. ಹೋಗುವ–ಬರುವ ಸಾಗಣೆ ಮತ್ತು ಪ್ಯಾಕಿಂಗ್ ಸೇರಿ 180 ರೂಪಾಯಿ ನಷ್ಟ. ಒಂಬತ್ತು ಮಾರಾಟದ 729 ರೂಪಾಯಿಯಲ್ಲಿ ಹತ್ತರ ಜಾಹೀರಾತು ಮತ್ತು ಈ ನಷ್ಟ ಕಳೆದರೆ 249 ಉಳಿಯುತ್ತದೆ. ಎರಡು ಮರಳಿದರೆ? ಎಂಟರ 648ರಲ್ಲಿ 300 ಮತ್ತು 360 ಕಳೆಯಬೇಕು. ಕೈಯಿಂದಲೇ 12 ರೂಪಾಯಿ ಹೋಗುತ್ತದೆ. ಮರಳಿದ ಸರಕು ಚೆನ್ನಾಗಿಯೇ ಬಂತು, ಮತ್ತೆ ಮಾರಬಹುದು ಎಂಬ ನಂಬಿಕೆಯ ಮೇಲೆ ಹಾಕಿದ ಲೆಕ್ಕವಿದು. ಮಾರಾಟಗಾರರ ಬಾಯಲ್ಲಿ ಹಗಲಿರುಳೂ ಇರುವ ‘ಆರ್‌ಟಿಒ’ ಎಂಬ ಪದ ವಾಹನ ನೋಂದಣಿ ಕಚೇರಿಯದ್ದಲ್ಲ, ಗಿರಾಕಿ ಬಾಗಿಲಲ್ಲೇ ಬೇಡವೆಂದಾಗ ಹೊರಟಲ್ಲಿಗೇ ಮರಳುವ ಪಾರ್ಸೆಲ್‌ನದ್ದು. ಸರಕು ಮುಟ್ಟಿದ ಮೇಲೆ ಹಣ ಕೊಡುವ ಪದ್ಧತಿ 2010ರಿಂದೀಚೆಗೆ ಭಾರತದ ಆನ್‌ಲೈನ್ ವ್ಯಾಪಾರವನ್ನು ಸಣ್ಣ ಊರುಗಳಿಗೆ ಹಬ್ಬಿಸಿತು. ಅದೇ ಪದ್ಧತಿ ಈ ತಲೆನೋವನ್ನೂ ತಂದಿತು.

ಆದ್ದರಿಂದ ಸರಕು ಆರಿಸುವವನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಇದು ಏಕೆ ಮರಳಿ ಬಂದೀತು ಎಂಬುದು. ಕುರ್ತಾ ಮರಳುವುದು ಅಳತೆಗೆ. ಸೀರೆಗೆ ಅಳತೆಯ ಜಗಳವಿಲ್ಲ, ಆದರೆ ಫೋಟೊದ ಬಣ್ಣವೇ ಬೇರೆ, ಉಟ್ಟಾಗಿನ ಬಣ್ಣವೇ ಬೇರೆ ಎಂಬ ದೂರು ತಪ್ಪದು. ಶೇಂಗಾ ಚಟ್ನಿ ಪುಡಿ ಮರಳುವುದು ಅಪರೂಪ. ಎಣ್ಣೆ ಜಿನುಗಿದರೆ ಮಾತ್ರ ಪೊಟ್ಟಣದ ಜೊತೆಗೆ ಹೆಸರೂ ಕೆಡುತ್ತದೆ.

ಎರಡನೆಯ ಪ್ರಶ್ನೆ ಗಾತ್ರದ್ದು. ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದ ಸಂಖ್ಯೆ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ ಹಿಡಿಯುತ್ತಾರೆ. 40 ಸೆಂ.ಮೀ. ಉದ್ದ, ಅಷ್ಟೇ ಅಗಲ, 25 ಸೆಂ.ಮೀ. ಎತ್ತರದ ಡಬ್ಬಿಯಲ್ಲಿ ಹೊರಟ ಒಂದು ಕೆ.ಜಿ.ಯ ಬಿದಿರಿನ ಬುಟ್ಟಿ ಕೊರಿಯರ್ ಲೆಕ್ಕದಲ್ಲಿ 8 ಕೆ.ಜಿ. ತೂಗುತ್ತದೆ. ಬುಟ್ಟಿಗೆ ಬೇಡಿಕೆ ಇಲ್ಲವೆಂದಲ್ಲ, ಅದರೊಳಗಿನ ಗಾಳಿಗೂ ಬಾಡಿಗೆ ಕೊಡಬೇಕು. ಒತ್ತಿ ಮಡಚಬಹುದಾದ ಕೌದಿ ಈ ಲೆಕ್ಕದಲ್ಲಿ ಪಾರಾದೀತು. ಖಡಕ್ ರೊಟ್ಟಿಯ ಕಷ್ಟ ಬೇರೆ. ತೂಕ ಹಗುರ, ಬೆಲೆ ಕಡಿಮೆ, ಒಡೆಯದಂತೆ ಕಳಿಸಲು ಡಬ್ಬಿ ಮಾತ್ರ ದೊಡ್ಡದು.

ವೇದಿಕೆಯ ಕಣ್ಣು

ಒಳ್ಳೆಯ ಗೂಡೊಂದು ಸಿಕ್ಕಿತೆಂದು ಹಿಗ್ಗುವ ಹೊತ್ತಿಗೆ ಇನ್ನೊಂದು ಭಯ ಶುರುವಾಗುತ್ತದೆ. ಯಾವ ಸರಕು, ಯಾವ ಊರಿನಲ್ಲಿ, ಯಾವ ಬೆಲೆಗೆ ಹೋಗುತ್ತದೆಂಬುದು ಮಾರಿದವನಿಗಿಂತ ಚೆನ್ನಾಗಿ ವೇದಿಕೆಗೆ ಗೊತ್ತು. ಹೆಚ್ಚು ಮಾರಾಟವಾಗುವ ಸರಕುಗಳ ಪಟ್ಟಿಯನ್ನು ಅದೇ ಪ್ರಕಟಿಸುವುದರಿಂದ ಪೈಪೋಟಿಗಾರರಿಗೂ ಗೊತ್ತು. ವೇದಿಕೆಗಳು ತಮಗೆ ಬೇಕಾದ ಕೆಲವೇ ಮಾರಾಟಗಾರರನ್ನು ಮುಂದೆ ತರುತ್ತಿವೆ, ಸ್ವಂತ ಬ್ರ್ಯಾಂಡ್‌ಗಳಿಂದ ಸಣ್ಣವರನ್ನು ಹಿಂದೆ ತಳ್ಳುತ್ತಿವೆ ಎಂಬ ದೂರುಗಳು ಹಲವು ವರ್ಷಗಳಿಂದ ಇವೆ. ವಿದೇಶಿ ಬಂಡವಾಳದ ವೇದಿಕೆಗಳು ತಾವೇ ಪಾಲು ಹೊಂದಿರುವ ಕಂಪನಿಗಳ ಸರಕನ್ನು ತಮ್ಮಲ್ಲಿ ಮಾರುವಂತಿಲ್ಲ ಎಂಬ ನಿಯಮ 2019ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಸ್ಪರ್ಧೆಯ ಮೇಲೆ ಕಣ್ಣಿಡುವ ಕೇಂದ್ರದ ನಿಯಂತ್ರಕ ಸಂಸ್ಥೆ 2020ರ ಜನವರಿಯಲ್ಲಿ ದೊಡ್ಡ ವೇದಿಕೆಗಳ ವಿರುದ್ಧ ತನಿಖೆಗೆ ಆದೇಶಿಸಿತು. ವೇದಿಕೆಗಳು ಆರೋಪಗಳನ್ನು ನಿರಾಕರಿಸುತ್ತ ಬಂದಿವೆ.

ಅವರ ಕಡೆಯ ಮಾತನ್ನೂ ತೂಗಿ ನೋಡಬೇಕು. ದೇಶದ 19,000ಕ್ಕೂ ಹೆಚ್ಚು ಪಿನ್‌ಕೋಡ್‌ಗಳನ್ನು ತಲುಪುವ ಸಾಗಣೆ ಜಾಲವನ್ನು ಗುಳೇದಗುಡ್ಡದ ಖಣ ಮಾರಾಟಗಾರ ತಾನಾಗಿ ಕಟ್ಟಿಕೊಳ್ಳಲಾರ. ಮುಖವನ್ನೇ ನೋಡದ ಗಿರಾಕಿ ಆತನನ್ನು ನಂಬಿ ಮುಂಗಡ ಹಣ ಕೊಡುವುದು ವೇದಿಕೆಯ ಹೆಸರು ನೋಡಿ. 2021ರ ಬಳಿಕ ಕಮಿಷನ್ನೇ ಇಲ್ಲದ ವೇದಿಕೆಯೂ ಬಂದಿದೆ. ಸರ್ಕಾರದ ಬೆಂಬಲದ ಮುಕ್ತ ಡಿಜಿಟಲ್ ಜಾಲದ ಪ್ರಯೋಗ 2022ರಲ್ಲಿ ಬೆಂಗಳೂರೂ ಸೇರಿ ಐದು ನಗರಗಳಲ್ಲಿ ಆರಂಭವಾಯಿತು. ಆದರೂ ಯಾರು ಬೇಕಾದರೂ ಸಗಟು ಮಾರುಕಟ್ಟೆಯಿಂದ ಎತ್ತಿ ತರಬಹುದಾದ ಮೊಬೈಲ್ ಕವರ್, ಪ್ಲಾಸ್ಟಿಕ್ ಡಬ್ಬಿ, ಅಡುಗೆಮನೆಯ ಸಣ್ಣ ಸಾಮಾನುಗಳಲ್ಲಿ ಇವತ್ತಿನ ಲಾಭ ನಾಳೆಗೆ ಉಳಿಯುವ ಸಂಭವ ಕಡಿಮೆ. ನಕಲು ಮಾಡಲು ವಾರ ಸಾಕು.

ನಿಯಮ ಬದಲಾದರೆ ಸರಕೂ ಬದಲು

ಆಟಿಕೆಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಹೊರದೇಶದ ಅಗ್ಗದ ಆಟಿಕೆ ತರಿಸಿ ಮಾರುವುದು ಒಂದು ಕಾಲಕ್ಕೆ ಸುಲಭದ ದಾರಿಯಾಗಿತ್ತು. 2020ರ ಫೆಬ್ರುವರಿಯಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿ 1ರಿಂದ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಸಿಕ್ಕಿತು. ಆಮದನ್ನೇ ನಂಬಿದ್ದವರ ಗೂಡು ಮುಚ್ಚಿದರೆ, ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಚನ್ನಪಟ್ಟಣಕ್ಕೆ ಒಂದು ಗೂಡು ತೆರೆಯಿತು. ಅದೇ ಚನ್ನಪಟ್ಟಣಕ್ಕೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಬೇರೆ ಪೆಟ್ಟು ಕೊಟ್ಟಿತು. ಕಾರುಗಳು ಊರನ್ನು ಬಳಸಿ ಹೋಗತೊಡಗಿ, ರಸ್ತೆಬದಿಯ ಬೊಂಬೆ ಅಂಗಡಿಗಳ ಮುಂದೆ ನಿಲ್ಲುವವರು ಕಡಿಮೆಯಾದರು. ಅಂಥ ಅಂಗಡಿಗಳಿಗೆ ಆನ್‌ಲೈನ್ ಮಾರಾಟ ಇನ್ನು ಮೇಲೆ ಹೆಚ್ಚುವರಿ ಆದಾಯದ ಮಾತಲ್ಲ.

ತೆರಿಗೆಯ ನಿಯಮವೂ ಸರಕನ್ನು ಆರಿಸುತ್ತದೆ. ಮೊದಲು ವೇದಿಕೆಗಳ ಮೂಲಕ ಸರಕು ಮಾರುವ ಎಷ್ಟೇ ಸಣ್ಣ ವ್ಯಾಪಾರಿಗೂ ಜಿಎಸ್‌ಟಿ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ವಹಿವಾಟಿನವರು ತಮ್ಮ ರಾಜ್ಯದೊಳಗೆ ನೋಂದಣಿ ಇಲ್ಲದೆ ಮಾರಬಹುದು. ಅಂದರೆ ಬೆಳಗಾವಿಯ ಗೃಹಿಣಿಯೊಬ್ಬರು ದೂರದ ಬೀದರ್‌ಗೆ ಸರಕು ಕಳಿಸಬಹುದು, ಹತ್ತಿರದ ಕೊಲ್ಹಾಪುರಕ್ಕೆ ಕಳಿಸುವಂತಿಲ್ಲ. ಮಹಾರಾಷ್ಟ್ರದಲ್ಲೂ ಉಡುವವರಿರುವ ಇಳಕಲ್ ಸೀರೆಗೆ ಇದು ದೊಡ್ಡ ಅಡ್ಡಿ. ಬೆಂಗಳೂರಿನಲ್ಲಿ ನೆಲೆಸಿದ ಉತ್ತರ ಕರ್ನಾಟಕದವರನ್ನೇ ನಂಬಿದ ಗುರೆಳ್ಳು ಚಟ್ನಿ, ಜೋಳದ ರೊಟ್ಟಿಗಳಿಗೆ ಅಷ್ಟು ತೊಡಕಿಲ್ಲ, ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆಯೊಂದು ಪೊಟ್ಟಣದ ಮೇಲಿದ್ದರೆ ಆಯಿತು.

ಊರಿನ ಹೆಸರಿನ ಸರಕು

ಇಷ್ಟೆಲ್ಲ ತೂಗಿದ ಮೇಲೆ ಒಂದು ಅಭಿಪ್ರಾಯಕ್ಕೆ ಬರಬಹುದು. ಸಣ್ಣ ಬಂಡವಾಳದವರಿಗೆ ಬಾಳಿಕೆಯ ಆಯ್ಕೆ, ಗಿರಾಕಿಗೆ ಮೊದಲೇ ಹೆಸರು ಗೊತ್ತಿದ್ದು, ಮಾರುವವನಿಗೆ ಒಳಗುಟ್ಟು ಗೊತ್ತಿರುವ ಸರಕು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ‘ಡಬ್ಬಿ’ ಯಾವುದು, ‘ಕಡ್ಡಿ’ ಯಾವುದು ಎಂದು ಕೈಯಲ್ಲಿ ಹಿಡಿದು ಹೇಳಬಲ್ಲವನು, ಅಪ್ಪೆಮಿಡಿ ಯಾವ ವಾರ ಕೊಯ್ದರೆ ಉಪ್ಪಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆಂದು ಬಲ್ಲವಳು, ನಕಲುಗಾರನಿಗಿಂತ ಒಂದು ಹೆಜ್ಜೆ ಮುಂದಿರುತ್ತಾರೆ. ‘ಶೇಂಗಾ’ವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜನ ಎಷ್ಟು ಬಗೆಯಲ್ಲಿ ಬರೆದು ಹುಡುಕುತ್ತಾರೆ ಎಂಬುದನ್ನೂ ಹುಬ್ಬಳ್ಳಿಯವರು ಬಲ್ಲಷ್ಟು ದೂರದ ಪೈಪೋಟಿಗಾರ ಬಲ್ಲನೆ?

ಇದಕ್ಕೂ ಮಿತಿಗಳಿವೆ. 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಆಕ್ರೋಶ ಬೆಂಕಿಯಾಗಿ ಹೊತ್ತಿಕೊಂಡದ್ದನ್ನು ನಾಡು ಕಂಡಿದೆ; ಅರ್ಧ ಕೆ.ಜಿ. ಪೊಟ್ಟಣದ ಆನ್‌ಲೈನ್ ವ್ಯಾಪಾರ ಅಂಥ ಹೊಯ್ದಾಟವನ್ನು ತಡೆಯುವಷ್ಟು ದೊಡ್ಡದಲ್ಲ. ಭೌಗೋಳಿಕ ಸೂಚಕದ ಕಾಯ್ದೆ 2003ರಲ್ಲಿ ಜಾರಿಗೆ ಬಂದ ನಂತರ ಕರ್ನಾಟಕದ 40ಕ್ಕೂ ಹೆಚ್ಚು ಸರಕುಗಳಿಗೆ ಆ ಮಾನ್ಯತೆ ಸಿಕ್ಕಿದೆ. ಹಾಗೆಂದು ವಿದ್ಯುತ್ ಮಗ್ಗದಲ್ಲಿ ನೇಯ್ದ ಬಟ್ಟೆ ಕೈಮಗ್ಗದ ಹೆಸರಿನಲ್ಲಿ ಪರದೆಯ ಮೇಲೆ ಕಾಣಿಸಿಕೊಳ್ಳುವುದು ನಿಂತಿಲ್ಲ. ಫೋಟೊದಲ್ಲಿ ಎರಡೂ ಒಂದೇ.

ಇಳಕಲ್ ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಫೋಟೊದಲ್ಲಿ ಆ ಕೊಂಡಿ ಕಾಣುವುದಿಲ್ಲ, ವಿವರಣೆಯಲ್ಲಿ ಒಂದು ಸಾಲಾದರೂ ಬರೆದವರಿಗೆ ಹೆಚ್ಚಿನ ಬೆಲೆ ಕೇಳಲು ಬಾಯಿ ಇರುತ್ತದೆ. ಆ ಹೆಚ್ಚಿನ ಬೆಲೆ ಯಾರಿಗೆ ಸೇರುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಮಾಲೀಕರಿಂದ ನೂಲು ಪಡೆದು ನೇಯುವ ಕಾರ್ಮಿಕರಿಗೆ ಕೂಲಿ ಸಿಗುವುದು ಸೀರೆಯ ಲೆಕ್ಕದಲ್ಲಿ. ಅದೇ ಸೀರೆ ಪರದೆಯ ಮೇಲೆ ಎಷ್ಟಕ್ಕೆ ಹೋಯಿತು ಎಂಬುದು ಆ ಮಗ್ಗದ ಗುಂಡಿಯವರೆಗೆ ಬರುವುದಿಲ್ಲ. ಮೇಲೆ ಹಾಕಿದ ಪಾರ್ಸೆಲ್ ಲೆಕ್ಕದಲ್ಲಿ ಆ ಕೂಲಿ ‘ಅಸಲು’ ಎಂಬ ಒಂದೇ ಪದದೊಳಗೆ ಸೇರಿಹೋಗಿತ್ತು. ಸಾಗಣೆ, ಕಮಿಷನ್, ಜಾಹೀರಾತು ಯಾವುದೂ ಮಾರಾಟಗಾರನ ಕೈಯಲ್ಲಿಲ್ಲದಾಗ ಅವನು ಇಳಿಸಬಹುದಾದ ಅಂಕಿ ಅದೊಂದೇ.